ದುಃಖಾಂತ ನಾಟಕಗಳಲ್ಲಿ ನಗೆಯ ಸ್ಥಾನ

ಕೆಲವು ವರ್ಷಗಳ ಹಿಂದೆ ನಾವು ಮೇಲಿನ ತರಗತಿಯ ಹುಡುಗಿಯರಿಗೆ ಷೇಕ್ಸ್‌ಪಿಯರ್ ಮಹಾಕವಿಯ ‘ಹ್ಯಾಮ್ಲೆಟ್’ ನಾಟಕದಿಂದ ಸಮಾಧಿ ತೋಡುವವರ ದೃಶ್ಯವನ್ನು ಓದಿಸುತ್ತಿದ್ದೆವು. ಇಬ್ಬರು ಹುಡುಗಿಯರು ಎದ್ದುನಿಂತು ಆ ಕೂಲಿಗಾರರ ಪಾತ್ರಗಳನ್ನು ವಹಿಸಿಕೊಂಡು ಓದುತ್ತಿರಲು ತರಗತಿಯೆಲ್ಲವೂ ನಗೆಯಿಂದ ತುಂಬಿಹೋಯಿತು. ಹಾಗೆ ನಕ್ಕವರಲ್ಲಿ ಆ ವರ್ಷವೇ ತಂದೆಯನ್ನು ಕಳೆದುಕೊಂಡಿದ್ದವಳೊಬ್ಬಳಿದ್ದಳು. ಗಂಟೆ ಬಾರಿಸಿ ಉಳಿದವರೆಲ್ಲರೂ ಹೊರಗೆ ಹೋದ ಮೇಲೆ ಅವಳು ನಮ್ಮ ಮೇಜಿನ ಬಳಿಗೆ ಬಂದು, “ಟೀಚರ್, ತೆರೆದ ಗುಂಡಿಯ ಮುಂದೆ ನಿಂತು ನಗುವುದು ತಪ್ಪಲ್ಲವೇ? ಅಷ್ಟು ದೊಡ್ಡ ಕವಿ ಅಂಥ ಸ್ಥಳದಲ್ಲಿ ನಮ್ಮನ್ನು ಏಕೆ ನಗಿಸಬೇಕು? ನಾನೂ ನಕ್ಕುಬಿಟ್ಟೆನಲ್ಲಾ!” ಎಂದಳು.

ಪಾಠಪುಸ್ತಕಗಳಲ್ಲಿ ಬರೆದಿರುವ ಉತ್ತರವನ್ನೇ ನಾವು ಅಂದು ಕೊಟ್ಟೆವು: ದುಃಖವು ಅತಿಯಾದರೆ ಪ್ರೇಕ್ಷಕರ ಮನಸ್ಸು ಬಳಲುವುದು, ಆ ಬಳಲಿಕೆಯನ್ನು ಕಳೆಯುವುದಕ್ಕಾಗಿ ಕವಿಯು ನಡುನಡುವೆ ಹಾಸ್ಯದ ಬಿಡುವನ್ನು ಕೊಡುವನು. ಈ ಉತ್ತರವು ಪರೀಕ್ಷೆಗೆ ಸಾಕು. ಆದರೆ ಅವಳಿಗೆ ಸಾಲಲಿಲ್ಲವೆಂಬುದನ್ನು ಅವಳ ಮುಖವೇ ಹೇಳಿತು. ಆ ಪ್ರಶ್ನೆಯು ಅಂದಿನಿಂದಲೂ ನಮ್ಮ ಮನಸ್ಸಿನಲ್ಲಿ ಉಳಿದಿದೆ. ಅದೇ ಪಾಠಗಳನ್ನು ಇದೇ ಬೆಂಚುಗಳ ಮೇಲೆ ಕುಳಿತು ಕಲಿತ ಹಳೆಯ ವಿದ್ಯಾರ್ಥಿನಿಯರಿಗೂ, ತಮ್ಮ ಮಕ್ಕಳು ಏನನ್ನು ಓದುತ್ತಿರುವರೆಂದು ತಿಳಿಯಬಯಸುವ ತಂದೆತಾಯಿಗಳಿಗೂ ಈ ವಿಷಯವು ರುಚಿಸೀತೆಂದು ನಂಬಿ, ಈ ಸಂಚಿಕೆಯಲ್ಲಿ ಅದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಮಾಡುವೆವು.

ನಾಟಕದ ಎರಡು ಬಗೆಗಳು

ಕೊನೆಯಲ್ಲಿ ನಾಯಕನ ನಾಶವನ್ನು ತೋರಿಸುವ ಗಂಭೀರವಾದ ನಾಟಕಕ್ಕೆ ನಾವು ದುಃಖಾಂತ ನಾಟಕವೆನ್ನುತ್ತೇವೆ, ಬಿ. ಎಂ. ಶ್ರೀಕಂಠಯ್ಯನವರು ಬಳಸಿದ ‘ರುದ್ರನಾಟಕ’ವೆಂಬ ಹೆಸರೂ ಕನ್ನಡದಲ್ಲಿ ಪ್ರಸಿದ್ಧವಾಗಿದೆ. ಈ ಬಗೆಯ ನಾಟಕಕ್ಕೆ ತವರೂರಾದ ಪ್ರಾಚೀನ ಗ್ರೀಸ್ ದೇಶದಲ್ಲಿ ಅಳುವಿಗೂ ನಗುವಿಗೂ ಬೇರೆ ಬೇರೆ ವೇಳೆಗಳನ್ನು ಗೊತ್ತುಮಾಡಿದ್ದರು. ಅಥೆನ್ಸ್ ನಗರದ ಉತ್ಸವದಲ್ಲಿ ಒಬ್ಬ ಕವಿಯು ಮೂರು ದುಃಖಾಂತ ನಾಟಕಗಳನ್ನು ಆಡಿಸಿದ ತರುವಾಯ ನಾಲ್ಕನೆಯದಾಗಿ ಒಂದು ವಿನೋದ ನಾಟಕವನ್ನು ಆಡಿಸುತ್ತಿದ್ದನು. ಅತ್ತವರು ನಕ್ಕು ಮನೆಗೆ ಹೋಗುತ್ತಿದ್ದರು. ಆದರೆ ಅಳುವ ಹೊತ್ತಿನಲ್ಲಿಯೇ ನಗುವ ಸಂದರ್ಭವು ಅವರಿಗೆ ಅಪರೂಪವಾಗಿತ್ತು.

ನಮ್ಮ ವಾಚಕರಿಗೆ ಇಲ್ಲಿ ಸಂಸ್ಕೃತ ನಾಟಕದ ವಿದೂಷಕನ ನೆನಪು ಬರಬಹುದು. ಶಾಕುಂತಲದ ಮಾಧವ್ಯನಂತೆ ಅವನು ರಾಜನ ಗೆಳೆಯ, ತಿಂಡಿಪೋತ, ನಗೆಗಾರ. ಆದರೆ ಅವನಿರುವ ನಾಟಕಗಳು ಸಾಮಾನ್ಯವಾಗಿ ಮಂಗಳದಲ್ಲಿಯೇ ಮುಗಿಯುವುವು. ಕರುಣರಸಕ್ಕೆ ಹೆಸರಾದ ಭವಭೂತಿಯಾದರೋ ತನ್ನ ಮೂರು ನಾಟಕಗಳಲ್ಲಿಯೂ ವಿದೂಷಕನನ್ನು ಸೇರಿಸಲೇ ಇಲ್ಲ. ಹೀಗಿರಲಾಗಿ, ಕೊಲೆ, ಹುಚ್ಚು, ಆತ್ಮಹತ್ಯೆ ಮೊದಲಾದ ಘೋರ ಸಂಗತಿಗಳ ನಟ್ಟನಡುವೆ ನಗೆಗಾರನನ್ನು ತಂದು ನಿಲ್ಲಿಸಿದ ಇಂಗ್ಲಿಷ್ ಕವಿಗಳ ರೀತಿಯು ಬೇರೆಯೇ ಆಗಿದೆ. ಈ ರೀತಿಯು ಅವರಿಗೆ ಎಲ್ಲಿಂದ ಬಂತೆಂಬುದನ್ನು ಮೊದಲು ನೋಡುವ.

ಹುಲ್ಲುತೊಟ್ಟಿಲಿಗೆ ಮುಂಚೆ ಕುರಿಯ ತೊಟ್ಟಿಲು

ಷೇಕ್ಸ್‌ಪಿಯರನಿಗಿಂತ ಬಹಳ ಮುಂಚೆಯೇ ಇಂಗ್ಲೆಂಡಿನ ಪಟ್ಟಣಗಳಲ್ಲಿ ಸತ್ಯವೇದದ ಕಥೆಗಳನ್ನು ಜನರೇ ನಾಟಕವಾಗಿ ಆಡುವ ಪದ್ಧತಿಯಿತ್ತು. ವೇಕ್‌ಫೀಲ್ಡ್ ಊರಿನ ಹೆಸರಿನಿಂದ ಪ್ರಸಿದ್ಧವಾದ, ಹದಿನೈದನೆಯ ಶತಮಾನದ ಕುರುಬರ ನಾಟಕವೊಂದು ಇಂದಿಗೂ ಉಳಿದಿದೆ. ಚಳಿಯ ರಾತ್ರಿಯಲ್ಲಿ ಮೂವರು ಕುರುಬರು ಮಂದೆಯನ್ನು ಕಾಯುತ್ತಾ ತಮ್ಮ ಬಡತನವನ್ನು ಹಳಿದುಕೊಳ್ಳುತ್ತಿರುವರು. ಮ್ಯಾಕ್ ಎಂಬ ಕಳ್ಳನು ಅವರ ಕುರಿಯೊಂದನ್ನು ಕದ್ದು ಮನೆಗೊಯ್ಯುತ್ತಾನೆ. ಅವನ ಹೆಂಡತಿಯು ಅದನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಿನಲ್ಲಿ ಮಲಗಿಸಿ, ತಾನು ಈಗತಾನೇ ಹೆತ್ತಂತೆ ನರಳುತ್ತಾಳೆ. ಹುಡುಕಿ ಬಂದ ಕುರುಬರು ಏನೂ ಸಿಕ್ಕದೆ ಹೊರಟುಹೋಗಿ, ಮಗುವಿಗೆ ಏನನ್ನೂ ಕೊಡಲಿಲ್ಲವಲ್ಲಾ ಎಂದು ಕನಿಕರಪಟ್ಟು ಹಿಂದಿರುಗುತ್ತಾರೆ. ಮುದ್ದಿಡಲೆಂದು ಬಟ್ಟೆಯನ್ನು ಸರಿಸಿದಾಗ ಉದ್ದ ಮೂತಿಯ ಕೂಸು ಕಾಣಿಸುತ್ತದೆ! ಈ ಗಲಭೆಯು ಮುಗಿದು ಕುರುಬರು ದಣಿದು ಮಲಗಿರುವಾಗಲೇ ದೇವದೂತನ ಹಾಡು ಕೇಳಿಬರುತ್ತದೆ. ಅವರು ಬೆತ್ಲೆಹೇಮಿಗೆ ಹೋಗಿ ನಿಜವಾದ ಕೂಸನ್ನು ಕಾಣುತ್ತಾರೆ.

ಇದು ದುಃಖಾಂತ ನಾಟಕವಲ್ಲ. ಆದರೂ ಮುಂದಿನ ಕವಿಗಳು ಕಲಿತ ಪಾಠವು ಇದರಲ್ಲಿದೆ. ಕುರಿಯ ತೊಟ್ಟಿಲನ್ನು ನೋಡಿ ನಕ್ಕವರೇ ದೈವಶಿಶುವಿನ ತೊಟ್ಟಿಲ ಮುಂದೆ ಮೊಣಕಾಲೂರುತ್ತಾರೆ. ಮೊದಲನೆಯ ತೊಟ್ಟಿಲಿನ ಹಾಸ್ಯವು ಎರಡನೆಯದರ ಪವಿತ್ರತೆಗೆ ಕುಂದು ತರಲಿಲ್ಲ. ಬದಲಾಗಿ ನೋಡುವವರ ಕಣ್ಣನ್ನು ಅದಕ್ಕಾಗಿ ಸಿದ್ಧಮಾಡಿತು.

ವಿದ್ವಾಂಸರಿಗೆ ಈ ಬೆರಕೆಯು ಹಿಡಿಸಲಿಲ್ಲ. ಸರ್ ಫಿಲಿಪ್ ಸಿಡ್ನಿಯು ಕಾವ್ಯವನ್ನು ಸಮರ್ಥಿಸಿ ಬರೆದ, ಅವನ ಮರಣಾನಂತರ ೧೫೯೫ರಲ್ಲಿ ಅಚ್ಚಾದ ಗ್ರಂಥದಲ್ಲಿ, ರಾಜರನ್ನೂ ಕೋಡಂಗಿಗಳನ್ನೂ ಒಂದೇ ರಂಗದಲ್ಲಿ ನಿಲ್ಲಿಸುವ ನಾಟಕಕಾರರನ್ನು ಹಾಸ್ಯಮಾಡಿದನು. ಅವನ ದೂರಿನಲ್ಲಿ ಸತ್ಯಾಂಶವೂ ಇತ್ತು. ಅಂದಿನ ನಾಟಕಶಾಲೆಗಳಲ್ಲಿ ನಗೆಗಾರ ನಟರ ದರ್ಬಾರು ದೊಡ್ಡದಾಗಿತ್ತು. ಷೇಕ್ಸ್‌ಪಿಯರನ ಮಂಡಲಿಯಲ್ಲಿದ್ದ ವಿಲ್ ಕೆಂಪ್ ಎಂಬವನು ೧೬೦೦ರಲ್ಲಿ ಲಂಡನಿನಿಂದ ನಾರ್ವಿಚ್ ಪಟ್ಟಣದವರೆಗೂ ಕುಣಿಯುತ್ತಲೇ ಹೋದನೆಂದರೆ ಅವನ ಜನಪ್ರಿಯತೆಯನ್ನು ಊಹಿಸಬಹುದು. ಇಂಥವರು ಕವಿಯು ಬರೆಯದ ಮಾತುಗಳನ್ನೂ ಸೇರಿಸಿ ಜನರನ್ನು ನಗಿಸುತ್ತಿದ್ದರು. ಹ್ಯಾಮ್ಲೆಟ್ ರಾಜಕುಮಾರನು ನಟರಿಗೆ ಬುದ್ಧಿ ಹೇಳುವಾಗ, ಬರೆದುಕೊಟ್ಟುದಕ್ಕಿಂತ ಹೆಚ್ಚು ಮಾತನ್ನು ನಗೆಗಾರರು ಆಡಕೂಡದೆಂದು ಖಂಡಿತವಾಗಿ ಹೇಳುವನು. ಆದಕಾರಣ ನಗೆಯು ನಾಟಕದೊಳಗೆ ಬಂದದ್ದು ಜನರ ಅಪೇಕ್ಷೆಯಿಂದ. ಅದಕ್ಕೆ ತಕ್ಕ ಕೆಲಸವನ್ನು ಒಪ್ಪಿಸಿದ್ದು ಕವಿಯ ಜಾಣತನ. ಆ ಕೆಲಸವೇನೆಂಬುದನ್ನು ಮೂರು ಪ್ರಸಿದ್ಧ ನಾಟಕಗಳಿಂದ ಪರೀಕ್ಷಿಸುವ.

ಮ್ಯಾಕ್‌ಬೆತ್: ಬಾಗಿಲು ಕಾಯುವವನು

ಸುಮಾರು ೧೬೦೬ರಲ್ಲಿ ರಚಿತವಾದ ‘ಮ್ಯಾಕ್‌ಬೆತ್’ ನಾಟಕದ ಎರಡನೆಯ ಅಂಕದಲ್ಲಿ ಆ ಸೇನಾಪತಿಯು ತನ್ನ ಮನೆಗೆ ಅತಿಥಿಯಾಗಿ ಬಂದ ಡಂಕನ್ ರಾಜನನ್ನು ನಿದ್ದೆಯಲ್ಲಿಯೇ ಕೊಂದಿರುವನು. ಗಂಡಹೆಂಡಿರ ಕೈಗಳು ರಕ್ತಮಯವಾಗಿವೆ. ಅಷ್ಟರಲ್ಲಿ ಕೋಟೆಯ ಬಾಗಿಲನ್ನು ಯಾರೋ ಬಡಿಯುತ್ತಾರೆ. ಕೈ ತೊಳೆದುಕೊಳ್ಳಲು ಅವರಿಬ್ಬರೂ ಒಳಗೆ ಹೋಗುವರು. ಬಾಗಿಲು ಕಾಯುವವನು ರಾತ್ರಿಯ ಕುಡಿತದ ಅಮಲು ಇಳಿಯದೆ, ಆಕಳಿಸುತ್ತಾ, ತಡವರಿಸುತ್ತಾ ರಂಗಕ್ಕೆ ಬರುವನು. ತಾನು ನರಕದ ಬಾಗಿಲನ್ನು ಕಾಯುವವನೆಂದು ಭಾವಿಸಿಕೊಂಡು, ಬಡಿತದ ಸದ್ದು ಕೇಳಿದ ಹಾಗೆಲ್ಲ ಒಬ್ಬೊಬ್ಬ ಪಾಪಿಯನ್ನು ಕಲ್ಪಿಸಿ ಒಳಗೆ ಕರೆಯುವನು. ಬೆಲೆ ಏರಲೆಂದು ಧಾನ್ಯವನ್ನು ಕೂಡಿಟ್ಟು, ಬೆಳೆ ಚೆನ್ನಾಗಿ ಬರುವ ಸೂಚನೆ ಕಂಡು ನೇಣು ಹಾಕಿಕೊಂಡ ರೈತನೊಬ್ಬ. ಎರಡರ್ಥದ ಮಾತಿನಿಂದ ಪ್ರಮಾಣಮಾಡಿ ಜಾರಿಕೊಳ್ಳುವವನೊಬ್ಬ. ಬಟ್ಟೆ ಕದ್ದ ದರ್ಜಿಯೊಬ್ಬ. ಕೊನೆಗೆ ಚಳಿ ತಾಳಲಾರದೆ, ನರಕವಾಗುವುದಕ್ಕೆ ಈ ಸ್ಥಳವು ಬಹಳ ತಣ್ಣಗಿದೆಯೆಂದು ಆಟವನ್ನು ಬಿಟ್ಟು ಬಾಗಿಲು ತೆರೆದು, ಬಂದವರಿಂದ ಇನಾಮನ್ನು ಬೇಡುವನು.

ಪ್ರಸಿದ್ಧ ಕವಿಯೂ ವಿಮರ್ಶಕನೂ ಆದ ಕೋಲ್ರಿಜ್, ಈ ಮಾತುಗಳು ಷೇಕ್ಸ್‌ಪಿಯರನವಲ್ಲವೆಂದೂ, ಸಾಮಾನ್ಯ ಜನರನ್ನು ಮೆಚ್ಚಿಸಲು ಬೇರೆ ಯಾರೋ ಬರೆದು ಸೇರಿಸಿದರೆಂದೂ ಎಣಿಸಿದನು. ಜರ್ಮನಿಯ ಮಹಾಕವಿ ಷಿಲ್ಲರನು ೧೮೦೦ರಲ್ಲಿ ಈ ನಾಟಕವನ್ನು ತನ್ನ ಭಾಷೆಯಲ್ಲಿ ಆಡಿಸಿದಾಗ ಈ ಕುಡುಕನನ್ನು ತೆಗೆದುಹಾಕಿ, ಅವನ ಬದಲಾಗಿ ಭಕ್ತಿಯಿಂದ ಪ್ರಾತಃಕಾಲದ ಕೀರ್ತನೆಯನ್ನು ಹಾಡುವ ಸಜ್ಜನನೊಬ್ಬನನ್ನು ನಿಲ್ಲಿಸಿದನು. ಶಾಲೆಯ ಮಕ್ಕಳಿಗೆ ಹಾಡೇ ಮೇಲೆಂದು ನಮಗೂ ಒಮ್ಮೆ ತೋರಿದ್ದುಂಟು. ಆದರೆ ಯೋಚಿಸಿ ನೋಡಿರಿ. ಸಜ್ಜನನು ಹಾಡುವ ಬಾಗಿಲು ಯಾವ ಮನೆಯ ಬಾಗಿಲಾದರೂ ಆಗಬಹುದು. ಕುಡುಕನಾದರೋ ತಮಾಷೆಗಾಗಿ ತನ್ನ ಬಾಗಿಲನ್ನು ನರಕದ ಬಾಗಿಲೆನ್ನುವನು, ಅದು ಆ ರಾತ್ರಿ ನಿಜವಾಗಿಯೇ ನರಕದ ಬಾಗಿಲಾಗಿದೆಯೆಂದು ಅವನು ಅರಿಯನು, ನಾವು ಅರಿತಿರುವೆವು. ಅವನ ಅಜ್ಞಾನಕ್ಕೂ ನಮ್ಮ ಜ್ಞಾನಕ್ಕೂ ನಡುವೆ ಆ ನಗೆಯು ಹುಟ್ಟುತ್ತದೆ. ಆದಕಾರಣವೇ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಎರಡರ್ಥದ ಮಾತಿನ ವಿನೋದವೂ ಬರಿಯ ವಿನೋದವಲ್ಲ. ೧೬೦೫ರಲ್ಲಿ ಪಾರ್ಲಿಮೆಂಟ್ ಭವನವನ್ನು ಮದ್ದಿಟ್ಟು ಹಾರಿಸುವ ಒಳಸಂಚು ಬಯಲಾಗಿ, ಮಾರನೆಯ ವರ್ಷ ಹೆನ್ರಿ ಗಾರ್ನೆಟ್ ಎಂಬ ಪಾದ್ರಿಯ ವಿಚಾರಣೆಯಲ್ಲಿ ಇಂಥ ಪ್ರಮಾಣದ ವಿಷಯವೇ ದೊಡ್ಡ ಚರ್ಚೆಗೆ ಬಂದಿತ್ತು. ಆದುದರಿಂದ ಪ್ರೇಕ್ಷಕರು ಥಟ್ಟನೆ ನಕ್ಕಿರಬೇಕು. ಆದರೆ ಮ್ಯಾಕ್‌ಬೆತ್ತನನ್ನು ಕೆಡಿಸಿದ್ದು ಯಾವುದು? ಮಾಟಗಾತಿಯರ ಎರಡರ್ಥದ ಮಾತೇ ಅಲ್ಲವೇ? ಕಾಡು ನಡೆದುಬರುವವರೆಗೆ ಸೋಲಿಲ್ಲವೆಂಬ ಮಾತನ್ನು ನಂಬಿ ಅವನು ಕೆಟ್ಟನು. ಶತ್ರು ಸೈನಿಕರು ಕೊಂಬೆಗಳನ್ನು ಹಿಡಿದು ಬಂದಾಗ ಕಾಡೇ ನಡೆದುಬಂದಿತು. ಹೀಗೆ ನಾಟಕದ ಬೀಗದ ಕೈಯನ್ನು ಕವಿಯು ಕುಡುಕನ ಸೊಂಟಕ್ಕೆ ಕಟ್ಟಿರುವನು.

ಡಿ ಕ್ವಿನ್ಸಿ ಎಂಬ ಲೇಖಕನು ಆ ಬಾಗಿಲ ಬಡಿತವನ್ನು ಕುರಿತೇ ೧೮೨೩ರಲ್ಲಿ ಒಂದು ಪ್ರಬಂಧವನ್ನು ಬರೆದನು. ಕೊಲೆಯ ವೇಳೆಯಲ್ಲಿ ಲೋಕದ ವ್ಯಾಪಾರವೆಲ್ಲವೂ ಸ್ತಬ್ಧವಾಗಿ ನಿಂತಂತಿತ್ತು. ಬಡಿತದ ಸದ್ದಿನೊಡನೆ ಮನುಷ್ಯರ ಲೋಕವು ಮತ್ತೆ ಉಸಿರಾಡತೊಡಗಿತು. ಆಗಲೇ ನಡೆದುಹೋದುದರ ಭಯಂಕರತ್ವವು ನಮಗೆ ತಿಳಿಯುವುದು ಎಂಬುದು ಅವನ ಅಭಿಪ್ರಾಯದ ಸಾರ. ರಂಗದ ದೃಷ್ಟಿಯಿಂದಲೂ ಒಂದು ಮಾತುಂಟು: ಕೊಲೆಗಾರನ ಪಾತ್ರಧಾರಿಯು ಕೈಯ ಬಣ್ಣವನ್ನು ತೊಳೆದು ಉಡುಪು ಬದಲಾಯಿಸಿ ಬರಲು ಕೆಲವು ನಿಮಿಷಗಳು ಬೇಕು. ಆ ನಿಮಿಷಗಳನ್ನು ತುಂಬಲು ಬಂದ ಸೇವಕನಿಂದ ಕವಿಯು ಇಷ್ಟೆಲ್ಲ ಕೆಲಸ ಮಾಡಿಸಿಕೊಂಡನು.

ಹ್ಯಾಮ್ಲೆಟ್: ಸಮಾಧಿ ತೋಡುವವರು

ಈಗ ಆ ಹುಡುಗಿಯನ್ನು ಕಾಡಿದ ದೃಶ್ಯಕ್ಕೆ ಬರುವ. ಐದನೆಯ ಅಂಕದ ಆರಂಭದಲ್ಲಿ ಇಬ್ಬರು ಕೂಲಿಗಾರರು ಗುದ್ದಲಿ ಸನಿಕೆಗಳೊಡನೆ ಬಂದು ಸಮಾಧಿಯನ್ನು ತೋಡುವರು. ನೀರಿನಲ್ಲಿ ಮುಳುಗಿ ಸತ್ತ ಒಫೀಲಿಯಳಿಗಾಗಿ ಅದು ಸಿದ್ಧವಾಗುತ್ತಿದೆ. ಅವಳು ತಾನಾಗಿ ಸತ್ತಳೋ, ನೀರೇ ಅವಳ ಬಳಿಗೆ ಬಂದು ಮುಳುಗಿಸಿತೋ ಎಂದು ಅವರು ವಕೀಲರಂತೆ ವಾದಮಾಡುವರು. ದೊಡ್ಡ ಮನೆಯ ಮಗಳಾಗಿರದಿದ್ದರೆ ಅವಳಿಗೆ ಕ್ರಿಸ್ತೀಯ ವಿಧಿಯ ಸಮಾಧಿಯು ದೊರೆಯುತ್ತಿರಲಿಲ್ಲವೆಂದು ಒಬ್ಬನು ಹೇಳಿದರೆ, ಮತ್ತೊಬ್ಬನು ಅದನ್ನು ಒಪ್ಪಿಕೊಳ್ಳುವನು. ಕಲ್ಲುಕುಟಿಗ, ಹಡಗು ಕಟ್ಟುವವನು, ಬಡಗಿ, ಇವರೆಲ್ಲರಿಗಿಂತ ಗಟ್ಟಿಯಾಗಿ ಕಟ್ಟುವವನು ಯಾರು ಎಂಬ ಒಗಟು ಅಲ್ಲಿಯೇ ಬರುವುದು. ಸಮಾಧಿ ತೋಡುವವನೇ ಅದರ ಉತ್ತರ. ಅವನು ಕಟ್ಟಿದ ಮನೆಯು ಕಡೆಯ ದಿನದವರೆಗೂ ಬಾಳುವುದಲ್ಲವೇ?

ಅಷ್ಟರಲ್ಲಿ ಹ್ಯಾಮ್ಲೆಟ್ ತನ್ನ ಗೆಳೆಯನೊಡನೆ ಅಲ್ಲಿಗೆ ಬರುವನು. ಈ ಗುಂಡಿ ಯಾರದೆಂದು ಕೇಳಿದರೆ ತೋಡುವವನು ತನ್ನದೇ ಎನ್ನುವನು. ಯಾವ ಗಂಡಸಿಗಾಗಿ ಎಂದರೆ ಗಂಡಸಿಗಲ್ಲವೆಂದೂ, ಹಾಗಾದರೆ ಯಾವ ಹೆಂಗಸಿಗಾಗಿ ಎಂದರೆ ಹೆಂಗಸಿಗೂ ಅಲ್ಲವೆಂದೂ ಹೇಳಿ, ಕೊನೆಗೆ, ಹಿಂದೆ ಹೆಂಗಸಾಗಿದ್ದು ಈಗ ಸತ್ತವಳೊಬ್ಬಳಿಗಾಗಿ ಎಂದು ಬಿಡಿಸಿ ಹೇಳುವನು. ಎದುರಿಗಿರುವವನೇ ಹ್ಯಾಮ್ಲೆಟ್ ಎಂದು ತಿಳಿಯದೆ, ಹುಚ್ಚು ಹಿಡಿದ ಆ ರಾಜಕುಮಾರನನ್ನು ಇಂಗ್ಲೆಂಡಿಗೆ ಅಟ್ಟಿದ್ದಾರೆಂದೂ, ಅಲ್ಲಿ ಎಲ್ಲರೂ ಹುಚ್ಚರೇ ಆದುದರಿಂದ ಅವನ ಹುಚ್ಚು ಯಾರ ಕಣ್ಣಿಗೂ ಬೀಳದೆಂದೂ ಹೇಳುವನು. ಇಂಗ್ಲೆಂಡಿನ ಪ್ರೇಕ್ಷಕರ ಮುಂದೆಯೇ ಆಡಿದ ಮಾತಿದು!

ಬಳಿಕ ಇಪ್ಪತ್ತಮೂರು ವರ್ಷಗಳಿಂದ ಮಣ್ಣಿನಲ್ಲಿದ್ದ ತಲೆಬುರುಡೆಯೊಂದು ಮೇಲಕ್ಕೆ ಬರುತ್ತದೆ. ಅದು ಅರಮನೆಯ ವಿದೂಷಕನಾಗಿದ್ದ ಯಾರಿಕ್ಕನದು. ಚಿಕ್ಕಂದಿನಲ್ಲಿ ತನ್ನನ್ನು ಬೆನ್ನ ಮೇಲೆ ಹೊತ್ತು ಆಡಿಸಿದವನ ಬುರುಡೆಯನ್ನು ಹ್ಯಾಮ್ಲೆಟ್ ಕೈಯಲ್ಲಿ ಹಿಡಿದು ನಿಲ್ಲುವನು. ನಗಿಸುವವನೂ ಮಣ್ಣಾದನು, ಆದರೆ ಅವನು ನಗಿಸಿದುದರ ನೆನಪು ಒಂದು ಮಗುವಿನ ಮನಸ್ಸಿನಲ್ಲಿ ಉಳಿಯಿತು. ಇಲ್ಲಿಯವರೆಗೆ ನಗುತ್ತಿದ್ದ ನಾವು ಎಲ್ಲಿ ನಗುವನ್ನು ನಿಲ್ಲಿಸಿದೆವೆಂಬುದು ನಮಗೇ ತಿಳಿಯದು. ಅದೇ ವೇಳೆಗೆ ಶವದ ಮೆರವಣಿಗೆಯು ಬರುತ್ತದೆ. ತಾನು ಇಷ್ಟು ಹೊತ್ತು ಮಾತಿನ ಚಮತ್ಕಾರವಾಡುತ್ತ ನಿಂತದ್ದು ಒಫೀಲಿಯಳ ಗುಂಡಿಯ ಅಂಚಿನಲ್ಲಿಯೇ ಎಂದು ಹ್ಯಾಮ್ಲೆಟ್ಟನಿಗೆ ಆಗ ಗೊತ್ತಾಗುವುದು. ಈ ಏಟು ಅವನಿಗೆ ಎಷ್ಟು ಬೀಳುವುದೋ, ಅವನೊಡನೆ ನಕ್ಕ ನಮಗೂ ಅಷ್ಟೇ ಬೀಳುವುದು. ನಗೆಯಿಲ್ಲದೆ ನೇರವಾಗಿ ಶವವೇ ಬಂದಿದ್ದರೆ ನಾವು ಪ್ರೇಕ್ಷಕರಾಗಿ ದೂರದಲ್ಲಿ ನಿಂತು ನೋಡುತ್ತಿದ್ದೆವು. ನಕ್ಕುದರಿಂದಲೇ ಗುಂಡಿಯ ಅಂಚಿಗೆ ಬಂದು ನಿಂತೆವು.

ಫ್ರಾನ್ಸಿನ ವಾಲ್ಟೇರನಿಗೆ ಈ ದೃಶ್ಯವು ಅನಾಗರಿಕವಾಗಿ ಕಂಡಿತು. ಇಂಗ್ಲೆಂಡಿನ ಮಹಾನಟ ಡೇವಿಡ್ ಗ್ಯಾರಿಕ್ಕನೂ ೧೭೭೨ರಲ್ಲಿ ತಾನು ತಿದ್ದಿದ ‘ಹ್ಯಾಮ್ಲೆಟ್’ನಿಂದ ಸಮಾಧಿ ತೋಡುವವರನ್ನು ಕೈಬಿಟ್ಟನು. ಆದರೆ ಆ ತಿದ್ದುಪಡಿಯು ಬಹುಕಾಲ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಕೂಲಿಗಾರರು ತಮ್ಮ ಗುದ್ದಲಿಯೊಡನೆ ರಂಗಕ್ಕೆ ಹಿಂದಿರುಗಿದರು.

ಲಿಯರ್ ರಾಜ: ಸತ್ಯವನ್ನಾಡುವ ಕೋಡಂಗಿ

ಮೇಲಿನ ಎರಡು ನಾಟಕಗಳಲ್ಲಿ ನಗೆಗಾರನು ಒಂದೇ ದೃಶ್ಯಕ್ಕೆ ಬಂದು ಹೋಗುವನು. ‘ಲಿಯರ್ ರಾಜ’ನಲ್ಲಿ ಅವನು ದುಃಖದ ಜೊತೆಯಲ್ಲಿಯೇ ನಡೆಯುವನು. ವೃದ್ಧನಾದ ಲಿಯರನು ತನ್ನ ರಾಜ್ಯವನ್ನು ಮುಖಸ್ತುತಿ ಮಾಡಿದ ಇಬ್ಬರು ಹೆಣ್ಣುಮಕ್ಕಳಿಗೆ ಹಂಚಿ, ನಿಜವನ್ನೇ ನುಡಿದ ಕಿರಿಯ ಮಗಳು ಕಾರ್ಡೀಲಿಯಳನ್ನು ಹೊರಗಟ್ಟುವನು. ಅವಳು ಹೋದಂದಿನಿಂದ ಅರಮನೆಯ ಕೋಡಂಗಿಯು ಕೊರಗಿ ಸೊರಗಿದನೆಂದು, ಅವನು ರಂಗಕ್ಕೆ ಬರುವ ಮೊದಲೇ ಒಬ್ಬ ಸೇವಕನು ಹೇಳುವನು. ಆದುದರಿಂದ ನಮ್ಮನ್ನು ನಗಿಸಲು ಬರುವವನು ತಾನೇ ದುಃಖಿಯಾಗಿ ಬರುವನು.

ಅವನ ಹಾಸ್ಯವೆಲ್ಲವೂ ಒಂದೇ ಗುರಿಗೆ ಹೊಡೆದ ಬಾಣಗಳು. ಮೊಟ್ಟೆಯನ್ನು ನಡುವೆ ಒಡೆದು ತಿರುಳನ್ನು ತಿಂದರೆ ಉಳಿಯುವ ಎರಡು ಚಿಪ್ಪುಗಳಂತೆ ನಿನ್ನ ಕಿರೀಟವೂ ಎರಡು ಹೋಳಾಯಿತೆಂದು ಅವನು ರಾಜನಿಗೆ ಹೇಳುವನು. ತನ್ನ ಕೋಡಂಗಿ ಟೊಪ್ಪಿಗೆಯನ್ನು ಇತರರಿಗೆ ಕೊಡಹೋಗುವನು. ಇದೇ ಮಾತನ್ನು ನೇರವಾಗಿ ಹೇಳಿದ ಕೆಂಟ್ ಪ್ರಭುವಿಗೆ ದೇಶಭ್ರಷ್ಟತೆಯ ಶಿಕ್ಷೆಯಾಯಿತು. ಮಗಳಿಗೆ ಶಾಪ ಸಿಕ್ಕಿತು. ಕೋಡಂಗಿಗಾದರೋ ಚಾವಟಿಯ ಬೆದರಿಕೆ ಮಾತ್ರ. ದೊಡ್ಡವರ ಮುಂದೆ ಸತ್ಯವು ಒಳಗೆ ಬರಬೇಕಾದರೆ ಕೆಲವು ವೇಳೆ ನಗೆಯ ವೇಷವನ್ನು ಹಾಕಿಕೊಂಡೇ ಬರಬೇಕಾಗುತ್ತದೆ. ಕೆಂಪನ ತರುವಾಯ ಆ ಮಂಡಲಿಗೆ ಸೇರಿದ ರಾಬರ್ಟ್ ಆರ್ಮಿನ್ ಎಂಬ ಸೂಕ್ಷ್ಮಬುದ್ಧಿಯ ನಟನಿಗಾಗಿ ಈ ಪಾತ್ರವು ರಚಿತವಾಯಿತೆಂದು ಅನೇಕ ವಿದ್ವಾಂಸರು ನಂಬುವರು.

ಬಿರುಗಾಳಿಯ ರಾತ್ರಿಯಲ್ಲಿ ಮಕ್ಕಳು ಬಾಗಿಲು ಮುಚ್ಚಿದಾಗ ರಾಜನೊಡನೆ ಮಳೆಯಲ್ಲಿ ನೆನೆಯುವವನು ಈ ಬಡ ಕೋಡಂಗಿಯೇ. ಹುಚ್ಚಿಗೆ ತಿರುಗುತ್ತಿರುವ ಲಿಯರನು ಅಂಥ ಸಮಯದಲ್ಲಿಯೂ ಅವನ ಕಡೆಗೆ ತಿರುಗಿ, ಚಳಿಯಾಗುತ್ತಿದೆಯೇ ಎಂದು ಕನಿಕರದಿಂದ ಕೇಳುವನು. ತನ್ನನ್ನು ಬಿಟ್ಟು ಬೇರೊಬ್ಬರ ಚಳಿಯನ್ನು ರಾಜನು ವಿಚಾರಿಸಿದ್ದು ನಾಟಕದಲ್ಲಿ ಅದೇ ಮೊದಲು. ಮೂರನೆಯ ಅಂಕವು ಮುಗಿಯುವುದರೊಳಗೆ ಕೋಡಂಗಿಯು ರಂಗದಿಂದ ಮರೆಯಾಗುವನು, ಮತ್ತೆ ಬರುವುದಿಲ್ಲ. ಸತ್ತನೋ, ಓಡಿಹೋದನೋ, ಕವಿಯು ಹೇಳುವುದಿಲ್ಲ. ಅಲ್ಲಿಂದ ಮುಂದೆ ನಾಟಕವು ಪೂರ್ತಿ ಕತ್ತಲಾಗುತ್ತದೆ. ನಗೆಯಿದ್ದಷ್ಟು ಕಾಲವೂ ಏನೋ ಒಂದು ಬೆಳಕಿತ್ತೆಂಬುದು ಅದು ಆರಿಹೋದ ಮೇಲೆ ನಮಗೆ ತಿಳಿಯುವುದು.

ಈ ಪಾತ್ರದ ಚರಿತ್ರೆಯೂ ತಿಳಿಯತಕ್ಕದ್ದಾಗಿದೆ. ೧೬೮೧ರಲ್ಲಿ ನೇಹಮ್ ಟೇಟ್ ಎಂಬ ಕವಿಯು ‘ಲಿಯರ್’ ನಾಟಕವನ್ನು ತಿದ್ದಿ ಬರೆದು, ಕೋಡಂಗಿಯನ್ನು ಸಂಪೂರ್ಣವಾಗಿ ತೆಗೆದುಹಾಕಿದನು. ಕಾರ್ಡೀಲಿಯಳು ಬದುಕಿ ಮದುವೆಯಾಗುವಂತೆಯೂ ಮಾಡಿದನು. ಸುಮಾರು ನೂರೈವತ್ತು ವರ್ಷಗಳ ಕಾಲ ಇಂಗ್ಲೆಂಡಿನ ರಂಗದ ಮೇಲೆ ಈ ತಿದ್ದಿದ ನಾಟಕವೇ ನಡೆಯಿತು. ನಗೆಯನ್ನು ತೆಗೆದವನು ಅಳುವನ್ನೂ ಉಳಿಸಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ೧೮೩೮ರಲ್ಲಿ ಮ್ಯಾಕ್ರೀಡಿ ಎಂಬ ನಟನು ಕೋಡಂಗಿಯನ್ನು ರಂಗಕ್ಕೆ ಹಿಂದಕ್ಕೆ ಕರೆತಂದನು. ಆಗ ಆ ಪಾತ್ರವನ್ನು ವಹಿಸಿದವಳು ಪ್ರಿಸಿಲ್ಲಾ ಹಾರ್ಟನ್ ಎಂಬ ತರುಣಿ. ಷೇಕ್ಸ್‌ಪಿಯರನ ಕಾಲದಲ್ಲಿ ಹೆಂಗಸರ ಪಾತ್ರವನ್ನು ಸಹ ಹುಡುಗರೇ ವಹಿಸುತ್ತಿದ್ದರು. ೧೬೬೦ರ ತನಕ ಇಂಗ್ಲಿಷ್ ಸಾರ್ವಜನಿಕ ರಂಗದಲ್ಲಿ ವೃತ್ತಿಯ ನಟಿಯರಿರಲಿಲ್ಲ. ಹೀಗಿರುವಲ್ಲಿ, ಕಳೆದುಹೋಗಿದ್ದ ಕೋಡಂಗಿಗೆ ಮತ್ತೆ ದನಿ ಕೊಟ್ಟವಳು ಒಬ್ಬ ಹೆಣ್ಣುಮಗಳೆಂಬುದು ನಮ್ಮ ಹುಡುಗಿಯರಿಗೆ ಸಂತೋಷವನ್ನುಂಟುಮಾಡದಿರದು.

ಹಾಸ್ಯವು ಸೋಲುವುದೂ ಉಂಟು

ನಗೆಗಾರನನ್ನು ಕರೆತಂದ ಮಾತ್ರಕ್ಕೆ ನಾಟಕವು ಗೆಲ್ಲದು. ‘ಒಥೆಲೋ’ ನಾಟಕದಲ್ಲಿಯೂ ಒಬ್ಬ ಕೋಡಂಗಿ ಸೇವಕನು ಬಂದು ವಾದ್ಯಗಾರರನ್ನು ಗೇಲಿಮಾಡುವನು. ಓದಿದವರಿಗೆ ಅವನಿದ್ದನೆಂಬ ನೆನಪೇ ಉಳಿಯದು. ಅವನ ಮಾತಿಗೂ ನಾಯಕನ ದುಃಖಕ್ಕೂ ನಂಟು ತೀರ ತೆಳುವಾಗಿರುವುದೇ ಇದಕ್ಕೆ ಕಾರಣ. ‘ರೋಮಿಯೋ ಮತ್ತು ಜೂಲಿಯೆಟ್’ನಲ್ಲಿ ಮದುವೆಯ ವಾದ್ಯಕ್ಕೆಂದು ಬಂದವರು ಹುಡುಗಿ ಸತ್ತಳೆಂದು ಕೇಳಿ ವಾದ್ಯಗಳನ್ನು ಎತ್ತಿಟ್ಟುಕೊಂಡರೂ, ದುಃಖಕ್ಕೆ ಬಂದವರ ಊಟದ ವೇಳೆಯವರೆಗೆ ಕಾಯೋಣವೆಂದು ನಿಶ್ಚಯಿಸುವರು. ಅವರ ಮೇಲೆ ನಮಗೆ ಕೋಪ ಬರುವುದು, ನಗೆಯೂ ಬರುವುದು. ಯಾರ ಮನೆಯ ಮಗಳು ಸತ್ತರೂ ವಾದ್ಯದವನಿಗೆ ಹಸಿವಾಗುವುದಲ್ಲವೇ? ಹಾಗೆಯೇ ಕ್ಲಿಯೋಪಾತ್ರ ರಾಣಿಯ ಕೊನೆಯ ಗಳಿಗೆಯಲ್ಲಿ ಅಂಜೂರದ ಬುಟ್ಟಿಯಲ್ಲಿ ಸರ್ಪವನ್ನು ಬಚ್ಚಿಟ್ಟು ತರುವ ಹಳ್ಳಿಗನು, ಹೋಗೆಂದರೂ ಹೋಗದೆ, ಆ ಹುಳುವನ್ನು ನಂಬಬಾರದೆಂದು ಎಚ್ಚರಿಕೆ ಹೇಳುತ್ತಾ ನಿಲ್ಲುವನು. ಅವನು ಹೊರಟುಹೋದ ಮೇಲಿನ ಮೌನದಲ್ಲಿ ರಾಣಿಯು ಮರಣಕ್ಕಾಗಿ ತನ್ನ ರಾಜವಸ್ತ್ರವನ್ನು ತರಿಸಿ ಧರಿಸುವಳು.

ನಾವು ಕಲಿಯತಕ್ಕ ಪಾಠ

ಇನ್ನು ವಿಷಯವನ್ನು ಕೂಡಿಸಿ ನೋಡುವ. ನಗೆಯು ದಣಿದ ಮನಸ್ಸಿಗೆ ಬಿಡುವನ್ನು ಕೊಡುವುದೆಂಬುದು ಸುಳ್ಳಲ್ಲ. ೧೬೬೮ರಲ್ಲಿಯೇ ಡ್ರೈಡನ್ ಕವಿಯು ಅಂಕಗಳ ನಡುವಣ ಸಂಗೀತಕ್ಕೆ ಇದನ್ನು ಹೋಲಿಸಿದ್ದನು. ಆದರೆ ಬಿಡುವು ಅದರ ಅತ್ಯಂತ ಚಿಕ್ಕ ಕೆಲಸ. ಬಿಡುವೇ ಮುಖ್ಯವಾಗಿದ್ದರೆ ಯಾವ ತಮಾಷೆಯಾದರೂ ಸಾಕಾಗುತ್ತಿತ್ತು. ಈ ನಗೆಗಾರರಾದರೋ ಮರಣವನ್ನೂ, ಪಾಪವನ್ನೂ, ಮೂರ್ಖತನವನ್ನೂ ಕುರಿತೇ ಮಾತಾಡುವರು. ನಾಯಕನ ದುಃಖದ ವಿಷಯವೇ ಅವರ ವಿನೋದದ ವಿಷಯ. ಅವರೆಲ್ಲರೂ ಕೆಲಸ ಮಾಡುವ ಬಡವರು: ಬಾಗಿಲು ಕಾಯುವವನು, ಗುಂಡಿ ತೋಡುವವನು, ವಾದ್ಯದವನು, ಬುಟ್ಟಿ ಹೊರುವವನು. ರಾಜರು ಸತ್ತರೂ ಇವರ ಕೆಲಸವು ನಿಲ್ಲದು. ದೊಡ್ಡವರ ದುಃಖವು ಬರಿಯ ಕಥೆಯಾಗದೆ, ನಾವು ಬಾಳುವ ಈ ಲೋಕದಲ್ಲಿಯೇ ನಡೆದ ಸಂಗತಿಯೆಂಬ ನಂಬಿಕೆಯನ್ನು ಇವರು ತಂದುಕೊಡುವರು. ಡಾಕ್ಟರ್ ಜಾನ್ಸನ್ನನು ೧೭೬೫ರ ತನ್ನ ಮುನ್ನುಡಿಯಲ್ಲಿ ಇದನ್ನೇ ಎತ್ತಿಹಿಡಿದು, ಒಬ್ಬನು ಔತಣಕ್ಕೆ ಓಡುತ್ತಿರುವ ವೇಳೆಯಲ್ಲಿಯೇ ಇನ್ನೊಬ್ಬನು ಗೆಳೆಯನನ್ನು ಮಣ್ಣುಮಾಡುತ್ತಿರುವುದು ಲೋಕದ ನಿಜಸ್ಥಿತಿಯೆಂದು ತೋರಿಸಿದನು. ಕಾರ್ಡೀಲಿಯಳ ಮರಣವನ್ನು ಮತ್ತೆ ಓದಲು ಬಹುಕಾಲ ಮನಸ್ಸು ತಡೆಯದಿದ್ದವನೂ ಅವನೇ. ನಗುವನ್ನು ಸಮರ್ಥಿಸಿದವನು ಅಳದವನಾಗಿರಲಿಲ್ಲ.

ಆದಕಾರಣ ತಂದೆತಾಯಿಗಳಲ್ಲಿ ನಮ್ಮ ಬಿನ್ನಹವೇನೆಂದರೆ: ಮಕ್ಕಳು ಈ ನಾಟಕಗಳನ್ನು ಮನೆಯಲ್ಲಿ ಓದುವಾಗ, ಗಂಭೀರವಾದ ಭಾಷಣಗಳನ್ನು ಮಾತ್ರ ಬಾಯಿಪಾಠ ಮಾಡಿಸಿ, ಒರಟೆಂದು ತೋರುವ ಈ ದೃಶ್ಯಗಳನ್ನು ದಾಟಿಸಬೇಡಿರಿ. ಒಂದೆರಡು ಮಾತುಗಳು ಅಸಭ್ಯವಾಗಿದ್ದರೆ ಬಿಡಬಹುದು. ದೃಶ್ಯವನ್ನೇ ಬಿಟ್ಟರೆ ಟೇಟ್ ಕವಿಗೆ ಆದಂತೆ ದುಃಖವೂ ಸಡಿಲವಾಗುವುದು.

ಆ ಹುಡುಗಿಗೆ ಅಂದು ಹೇಳಬೇಕಾಗಿದ್ದುದನ್ನು ಈಗ ಹೇಳುವೆವು. ಸಾವಿನ ಮನೆಯಲ್ಲಿ ಒಲೆ ಹಚ್ಚುವವರು ಯಾರಾದರೂ ಇರಲೇಬೇಕು. ಏನೂ ಅರಿಯದ ಮಗು ಒಂದು ತೊದಲು ಮಾತನ್ನಾಡೀತು. ಸತ್ತವರ ಹಳೆಯ ವಿನೋದವೊಂದು ನೆನಪಾಗಿ ಅಳುತ್ತಿದ್ದವರೇ ನಕ್ಕಾರು. ಆ ನಗೆಯು ಸತ್ತವರಿಗೆ ಮಾಡಿದ ಅಪಚಾರವಲ್ಲ. ಯಾರಿಕ್ಕನ ಬುರುಡೆಯನ್ನು ಹಿಡಿದು ನಿಂತ ಹ್ಯಾಮ್ಲೆಟ್ಟನಿಗೆ ಮೊದಲು ನೆನಪಾದದ್ದು ಆ ನಗೆಗಾರನ ಸಾವಲ್ಲ, ಅವನು ತನ್ನನ್ನು ಬೆನ್ನ ಮೇಲೆ ಹೊತ್ತು ಆಡಿಸಿದ್ದು. ನಿನ್ನ ತಂದೆಯೂ ನಿನ್ನನ್ನು ಎಷ್ಟೋ ಸಾರಿ ನಗಿಸಿರಬೇಕು, ಮಗಳೇ. ಅಂದು ತರಗತಿಯಲ್ಲಿ ನೀನು ನಕ್ಕದ್ದು ತಪ್ಪಲ್ಲ.